ಹನ್ನೊಂದು ಸೆಕೆಂಡು

ಡಾಂಗ್‌ಗುವಾನ್. ಮೂರನೇ ಮಹಡಿ, ಏಳನೇ ಸಾಲು.
ನನ್ನ ಕೆಲಸ ಕೇಳುವುದು.

ನೆಲದಡಿಯ ಗುಡುಗಿನಂತೆ ಹೊರಟು
ಮೇಲೆ, ಇನ್ನೂ ಮೇಲೆ ಏರಿ
ಸೊಳ್ಳೆಯ ರೆಕ್ಕೆತುದಿಯಲ್ಲಿ ಮುಗಿಯುವ
ಒಂದೇ ಒಂದು ಸ್ವರ, ಹನ್ನೊಂದು ಸೆಕೆಂಡು.
ಎಡದ್ದು ನನ್ನ ಕಿವಿಗೆ, ಬಲದ್ದು ಎದುರಿನವಳಿಗೆ,
ಆಮೇಲೆ ಅದಲುಬದಲು.
ಸರಿಯಿದ್ದರೆ ಹಸಿರು ಬುಟ್ಟಿ.
ಗರಗರ ಅಂದರೆ, ತಗಡಿನಂತೆ ಕೊರೆದರೆ,
ಏರುವ ದಾರಿಯಲ್ಲಿ ಎಲ್ಲೋ ಕಾಲು ಜಾರಿದರೆ
ಕೆಂಪು.

ದಿನಕ್ಕೆ ಸಾವಿರದ ನೂರು ಜೋಡಿ. ಹದಿನಾಲ್ಕು ವರ್ಷ.
ಲೆಕ್ಕ ಹಾಕಲು ಹೋಗಬೇಡಿ.
ಒಮ್ಮೆ ಹಾಕಿದೆ, ಆ ರಾತ್ರಿ ನಿದ್ದೆ ಬರಲಿಲ್ಲ.

ಅಂಗಡಿಯಲ್ಲಿ ಇದಕ್ಕೆ ಹತ್ತೊಂಬತ್ತು ಯುವಾನ್.
ಗೇಟಿನ ಹೊರಗೆ ಒಂದು ಬಟ್ಟಲು ನೂಡಲ್ಸಿಗೂ ಅಷ್ಟೇ,
ಮೇಲೊಂದು ಮೊಟ್ಟೆ ಬೇಕೆಂದರೆ
ನೂಡಲ್ಸೇ ದುಬಾರಿ.

ಎಂಟನೇ ಸಾಲಿನಲ್ಲಿ ಇದೇ ಪೊರೆ, ಇದೇ ಸುರುಳಿ, ಇದೇ ಅಂಟು
ಲೋಹದ ಅಂಗಿ ತೊಟ್ಟು,
ಅಯಸ್ಕಾಂತದ ಮುಚ್ಚಳದ ಪೆಟ್ಟಿಗೆಯಲ್ಲಿ ಮಲಗಿ
ಆರುನೂರ ಎಂಬತ್ತಕ್ಕೆ ಹೋಗುತ್ತದೆ.
ಸುಳ್ಳು ಹೇಳಬಾರದು, ಅದರ ತಂತಿ ಮೆತ್ತಗಿದೆ,
ನಾಲ್ಕು ತಾಸು ಇಟ್ಟರೂ ಕಿವಿ ನೋಯುವುದಿಲ್ಲ,
ದನಿಯಲ್ಲೂ ಒಂದು ಕೂದಲೆಳೆಯ ಮೆರುಗು ಜಾಸ್ತಿ.
ಆ ಕೂದಲೆಳೆಗೆ ಆರುನೂರ ಅರವತ್ತೊಂದು ಯುವಾನ್.
ಚಿನ್ನದ ಕಡ್ಡಿಯೆಂದರೆ ಕಿವಿ ಚುಚ್ಚಿಸಿಕೊಳ್ಳುವವರು
ಎಲ್ಲ ಊರಲ್ಲೂ ಇದ್ದಾರೆ.

ಇದರ ತಗ್ಗು ದನಿ ಕೊಂಚ ಊದಿಕೊಂಡದ್ದು,
ಮದುವೆಯೂಟ ಮುಗಿಸಿ ಬೆಲ್ಟು ಸಡಿಲಿಸಿದ ಮಾವ.
ನಡುವಿನದು ಮಾತ್ರ,
ಹೆಂಗಸರು ಹಾಡುವ, ಮಕ್ಕಳು ಕರೆಯುವ,
ಜನ ಚಿಲ್ಲರೆಗೆ ಜಗಳಾಡುವ ಜಾಗ,
ಈಗಷ್ಟೇ ಒರೆಸಿದ ಗಾಜು.
ಮೇಲಿನದು?
ಅಲ್ಲಿಗೇ ಬರುತ್ತಿದ್ದೇನೆ.

ಕಳೆದ ಚಳಿಗಾಲ ಸ್ವರ ಒಂಬತ್ತು ಸೆಕೆಂಡಿಗೇ ನಿಂತಿತು.
ಒಂದು ಜೋಡಿಯಲ್ಲಿ, ಇನ್ನೊಂದರಲ್ಲಿ, ಮತ್ತೊಂದರಲ್ಲಿ.
ಅಂಟು ಕೆಟ್ಟಿದೆ ಅಂದುಕೊಂಡು
ನಲವತ್ತು ಜೋಡಿ ಕೆಂಪಿಗೆ ಎಸೆದೆ.
ಮೇಲ್ವಿಚಾರಕ ಓಯಾಂಗ್ ಯಂತ್ರಕ್ಕೆ ಹಚ್ಚಿ ನೋಡಿದ,
ನಲವತ್ತೂ ಸರಿ.
"ಶೀತ ಆಗಿದೆಯಾ?" ಅಂದ.
ಹೌದು, ಶೀತ ಅಂದೆ.
ಆ ಶೀತ ಇನ್ನೂ ಬಿಟ್ಟಿಲ್ಲ.

ಎದುರಿನವಳು ನೋಂಗ್ ತ್ಸೈಶ್ಯಾ, ಗುವಾಂಗ್ಶಿಯ ಬೆಟ್ಟದ ಕಡೆಯವಳು,
ಹತ್ತೊಂಬತ್ತು ಅವಳಿಗೂ.
ಸ್ವರ ತುದಿ ಮುಟ್ಟಿದಾಗ ಅವಳ ಎಡರೆಪ್ಪೆ
ಸಣ್ಣಗೆ ಅದುರುತ್ತದೆ, ನೀರಿಗೆ ಧೂಳು ಬಿದ್ದಷ್ಟು.
ಒಂಬತ್ತು ಸೆಕೆಂಡು ಕಿವಿಯಿಂದ ಕೇಳುತ್ತೇನೆ,
ಉಳಿದ ಎರಡು ಅವಳ ರೆಪ್ಪೆಯಿಂದ.
ಹೀಗೆ ಹತ್ತು ತಿಂಗಳು. ಒಂದು ದೂರು ಬರಲಿಲ್ಲ,
ಹೊಸ ವರ್ಷಕ್ಕೆ ಬೋನಸ್ಸೂ ಬಂತು.

ಮೊನ್ನೆ, ಊಟದ ನಂತರ, ಒಂದು ಜೋಡಿ.
ರೆಪ್ಪೆ ಅಲುಗಲಿಲ್ಲ.
ಕೆಂಪಿಗೆ ಹಾಕಿದೆ.
ತ್ಸೈಶ್ಯಾ ಕೈಚಾಚಿ ಅದನ್ನೆತ್ತಿ ಹಸಿರಿಗಿಟ್ಟಳು.
ತಲೆಯೆತ್ತದೆ ಹೇಳಿದಳು:
"ಇದು ಸರಿಯಿದೆ, ಅಕ್ಕ.
ನಾನು ತೂಕಡಿಸಿದ್ದೆ."

ಬೆಲ್ಟು ಓಡುತ್ತಲೇ ಇತ್ತು.
ಮುಂದಿನ ಜೋಡಿ ಎತ್ತಿಕೊಂಡೆವು.
ಆವತ್ತಿನಿಂದ ಅವಳು ರೆಪ್ಪೆಯನ್ನು ನಂಬುವುದಿಲ್ಲ,
ತುದಿ ಬಂದಾಗ ಮೇಜಿಗೆ ಕಿರುಬೆರಳಿಂದ ಒಮ್ಮೆ ತಟ್ಟುತ್ತಾಳೆ.
ತಟ್ಟುವ ಸದ್ದು ನನಗೆ ಚೆನ್ನಾಗಿ ಕೇಳುತ್ತದೆ,
ಅದು ನಡುವಿನ ದನಿ.

ಕೆಂಪು ಬುಟ್ಟಿಯ ಮಾಲು ಕಿಲೋ ಲೆಕ್ಕದಲ್ಲಿ ಗುಜರಿಗೆ.
ಅದರಿಂದ ಒಂದನ್ನು ಎರಡು ಯುವಾನ್ ಕೊಟ್ಟು ಕೊಂಡೆ:
ತುದಿಯೇ ಇಲ್ಲದ್ದು, ನಿಜವಾಗಿ ಕೆಟ್ಟದ್ದು.
ಬಸ್ಸಿನಲ್ಲಿ ಹಾಕಿಕೊಂಡು ಬರುತ್ತೇನೆ,
ತಿಳಿಯದೆ ಕಳೆದುಕೊಳ್ಳುವಂಥದ್ದು
ಅದರಲ್ಲಿ ನನಗೇನೂ ಇಲ್ಲ.
ನಿಲ್ದಾಣದಲ್ಲಿ ತ್ಸೈಶ್ಯಾ ಒಂದು ತುದಿ ಕಿತ್ತು
ತನ್ನ ಕಿವಿಗೆ ತುರುಕಿಕೊಂಡಳು,
ಮೂಗು ಮುರಿದಳು, ಆದರೂ ತೆಗೆಯಲಿಲ್ಲ.
"ಹೇಗಿದೆ?" ಅಂದೆ.
"ಎರಡಕ್ಕೆ," ಅಂದಳು,
"ಮೋಸವಿಲ್ಲ."